ತಾರಸಿ ಟ್ಯಾಂಕಿಗೆ ಎರಡು ವೈಫೈ ಬೋರ್ಡು: ನೀರಿನ ಮಟ್ಟ ನೋಡಿ ಮೋಟರ್ ನಿಲ್ಲಿಸುವ ಸಾಧನ ಕಟ್ಟಿದ ಬಗೆ

ಕೆಳಗೆ ಸಂಪು, ತಾರಸಿಯಲ್ಲಿ 1000 ಲೀಟರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕು, ನಡುವೆ ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟರು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನೀರಿನ ವ್ಯವಸ್ಥೆ ಹೀಗೇ ಇದೆ. ಮೋಟರ್ ಹಾಕಿ ಮರೆತರೆ ತಾರಸಿಯಿಂದ ನೀರು ಸುರಿಯುತ್ತದೆ. ಸಂಪು ಬರಿದಾಗಿದ್ದರೆ ಮೋಟರ್ ನೀರಿಲ್ಲದೆ ಓಡಿ ಅದರ ಸೀಲು ಹಾಳಾಗುತ್ತದೆ. ಇವೆರಡನ್ನೂ ತಡೆಯಲು ಇಎಸ್‌ಪಿ8266 ಎಂಬ ವೈಫೈ ಚಿಪ್ಪಿರುವ ಎರಡು ಚಿಕ್ಕ ಬೋರ್ಡುಗಳು ಸಾಕು: ಮೇಲಿನದು ತಾರಸಿಯಲ್ಲಿ ನೀರಿನ ಮಟ್ಟ ಅಳೆದು ಕಳಿಸುತ್ತದೆ, ಕೆಳಗಿನದು ಅದನ್ನು ನೋಡಿ ಮೋಟರ್ ನಡೆಸುತ್ತದೆ, ನಿಲ್ಲಿಸುತ್ತದೆ. ಅದನ್ನು ಕಟ್ಟಿದ ಕ್ರಮ, ದಾರಿಯಲ್ಲಿ ಕೆಟ್ಟದ್ದು, ಕೆಟ್ಟದ್ದಕ್ಕೆ ಕಾರಣ, ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಕೋಡ್ ಬರೆಯಲು ಒಂದು ಸಂಜೆ ಸಾಕಾಯಿತು. ಉಳಿದ ಸಮಯವೆಲ್ಲ ಹೋದದ್ದು ವಿದ್ಯುತ್ತು, ತಂತಿ, ಬಿಸಿಲು ಮತ್ತು ನೀರಿನ ಜೊತೆಗೆ.

ಇಎಸ್‌ಪಿ8266 ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯ ಚಿಪ್ಪು. 2014ರಲ್ಲಿ ಹವ್ಯಾಸಿಗಳ ಕೈಗೆ ಬಂತು. ಅದೇ ಕಂಪನಿಯ ಇಎಸ್‌ಪಿ32 ಬಂದದ್ದು 2016ರಲ್ಲಿ. ಇಎಸ್‌ಪಿ32ಗೆ ಎರಡು ಕೋರ್, ಬ್ಲೂಟೂತ್, ಹೆಚ್ಚು ಪಿನ್‌ಗಳು ಇವೆ. ಆದರೆ ಒಂದು ಸೆನ್ಸರ್ ಓದಿ ಒಂದು ಸಂಖ್ಯೆ ಕಳಿಸುವ ಕೆಲಸಕ್ಕೆ ಅವು ಯಾವುವೂ ಬೇಕಿಲ್ಲ. ಹಾಗಾಗಿ ಎರಡು ಕಡೆಗೂ ಡಿ1 ಮಿನಿ ಎಂಬ ಬೋರ್ಡನ್ನೇ ಆರಿಸಿದ್ದು. ನೋಡ್‌ಎಂಸಿಯು ಬೋರ್ಡೂ ನಡೆಯುತ್ತದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ವೋಲ್ಟೇಜ್ ಇಳಿಸಿ ಸ್ಥಿರವಾಗಿಡುವ ಎಎಂಎಸ್1117 ರೆಗ್ಯುಲೇಟರ್ ಇರುತ್ತದೆ. 3.3 ವೋಲ್ಟ್ ಕೊಡಲು ಅದಕ್ಕೆ ಒಳಬರುವ ಕಡೆ ಸುಮಾರು 4.4 ವೋಲ್ಟ್ ಆದರೂ ಬೇಕು. ಈ ಅಂಶ ಮುಂದೆ ತುಂಬಾ ಮುಖ್ಯವಾಗುತ್ತದೆ.

ಸಾಮಾನು ತಂದದ್ದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರಸ್ತೆಯಿಂದ. ಡಿ1 ಮಿನಿ ಎರಡು, ಜೆಎಸ್‌ಎನ್-ಎಸ್‌ಆರ್04ಟಿ ಎಂಬ ನೀರು ತಾಗಿದರೂ ಕೆಡದ ಅಲ್ಟ್ರಾಸಾನಿಕ್ (ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ) ಸೆನ್ಸರ್ ಒಂದು, 0.96 ಇಂಚಿನ ಓಎಲ್‌ಇಡಿ ಡಿಸ್‌ಪ್ಲೇ ಒಂದು, 5 ವೋಲ್ಟಿನ ಒಂಟಿ ರಿಲೇ ಮಾಡ್ಯೂಲ್ (ಬೋರ್ಡಿನ ಸಿಗ್ನಲ್‌ಗೆ ಹತ್ತಿ ಆರುವ ಸ್ವಿಚ್) ಒಂದು, 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್, ವೋಲ್ಟೇಜ್ ಇಳಿಸುವ ಎಲ್‌ಎಂ2596 ಬಕ್ ಕನ್ವರ್ಟರ್, ಕೆಳಗಿನ ಬೋರ್ಡಿಗೆ 5 ವೋಲ್ಟಿನ ಒಳ್ಳೆಯ ಮೊಬೈಲ್ ಚಾರ್ಜರ್, ಸಂಪಿಗೆ ಕೇಬಲ್ ಸಹಿತ ಫ್ಲೋಟ್ ಸ್ವಿಚ್ (ನೀರಿನಲ್ಲಿ ತೇಲುವ ಸ್ವಿಚ್), ಸಣ್ಣ ಬಜರ್, 1 ಕಿಲೋ ಓಮ್‌ನ ಹತ್ತು ರೆಸಿಸ್ಟರ್, 4.7 ಕಿಲೋ ಓಮ್‌ನ ಒಂದು, 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಎರಡು, 104 ಸಂಖ್ಯೆಯ ಸೆರಾಮಿಕ್ ಕೆಪಾಸಿಟರ್ ನಾಲ್ಕು, ಬಿಸಿ547 ಟ್ರಾನ್ಸಿಸ್ಟರ್ ಒಂದು, ಚುಕ್ಕಿ ಬೋರ್ಡ್, ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್ ಎರಡು, ಕೇಬಲ್ ಗ್ಲ್ಯಾಂಡ್ ಆರು. ರಿಲೇ ಮಾಡ್ಯೂಲ್ ಕೊಳ್ಳುವಾಗ ಹೈ ಸಿಗ್ನಲ್‌ಗೆ ಹತ್ತಬೇಕೋ ಲೋ ಸಿಗ್ನಲ್‌ಗೋ ಎಂದು ಆರಿಸಲು ಎಚ್-ಎಲ್ ಎಂದು ಬರೆದ ಜಂಪರ್ ಇರುವುದನ್ನೇ ಕೇಳಿ. ಲೋ ಸಿಗ್ನಲ್‌ಗೆ, ಅಂದರೆ ಸೊನ್ನೆ ವೋಲ್ಟಿಗೆ, ಮಾತ್ರ ಹತ್ತುವ 5 ವೋಲ್ಟ್ ಮಾಡ್ಯೂಲುಗಳು ಈ ಬೋರ್ಡಿನ 3.3 ವೋಲ್ಟನ್ನು ಪೂರ್ತಿ ಹೈ ಎಂದು ಕಾಣುವುದಿಲ್ಲ. ಉಳಿದ 1.7 ವೋಲ್ಟಿನಲ್ಲಿ ಒಳಗಿನ ಎಲ್‌ಇಡಿ ಮಂಕಾಗಿ ಉರಿಯುತ್ತಲೇ ಇರುತ್ತದೆ. ಕೆಲವೊಮ್ಮೆ ರಿಲೇ ಬಿಡುವುದೇ ಇಲ್ಲ. ಮೋಟರ್ ನಿಲ್ಲಿಸಬೇಕಾದ ಸಾಧನದಲ್ಲಿ ಇದು ಇರಕೂಡದ ದೋಷ.

ಮನೆಗೆ ತಂದ ಮೇಲೆ ಮೊದಲ ಅಡ್ಡಿ ಬರುವುದು ಯುಎಸ್‌ಬಿ ಕೇಬಲ್‌ನಲ್ಲಿ. ಚಾರ್ಜಿಂಗ್‌ಗೆ ಮಾತ್ರ ಮಾಡಿದ ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಬೋರ್ಡಿಗೆ ಕರೆಂಟು ಬರುತ್ತದೆ, ಕಂಪ್ಯೂಟರಿನಲ್ಲಿ ಪೋರ್ಟ್ ಮಾತ್ರ ಕಾಣಿಸದು. ಬೇರೆ ಕೇಬಲ್ ಹಾಕಿ ನೋಡಿದ ನಂತರವೇ ಬೋರ್ಡಿನ ಯುಎಸ್‌ಬಿ ಚಿಪ್ಪಿಗೆ ಬೇಕಾದ ಸಿಎಚ್340 ಡ್ರೈವರ್ ಹುಡುಕಲು ಹೋಗಿ. ಕೋಡ್ ಬರೆದು ಬೋರ್ಡಿಗೆ ಹಾಕುವ ಆರ್ಡುಯಿನೋ ಐಡಿಇಯಲ್ಲಿ ಬೋರ್ಡ್ಸ್ ಮ್ಯಾನೇಜರ್ ಮೂಲಕ ಇಎಸ್‌ಪಿ8266 ಪ್ಯಾಕೇಜ್ ಸೇರಿಸಿ, ಲೋಲಿನ್ ಡಿ1 ಮಿನಿ ಆರಿಸಿ, ಮೊದಲು ಬೋರ್ಡಿನ ಮೇಲಿರುವ ಎಲ್‌ಇಡಿಯನ್ನು ಮಿಣುಕಿಸಿ ನೋಡಬೇಕು. ಆ ಎಲ್‌ಇಡಿ ತಿರುಗುಮುರುಗು: ಲೋ ಕೊಟ್ಟರೆ ಹತ್ತುತ್ತದೆ.

ಯಾವ ಪಿನ್ನಿಗೆ ಏನು ಜೋಡಿಸಬೇಕು ಎಂಬುದನ್ನು ತಂತಿ ಮುಟ್ಟುವ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ. ಇಎಸ್‌ಪಿ8266 ಎದ್ದೇಳುವ ಕ್ಷಣದಲ್ಲಿ ಮೂರು ಪಿನ್‌ಗಳ ಸ್ಥಿತಿ ನೋಡಿ ಮುಂದೇನು ಮಾಡಬೇಕೆಂದು ತೀರ್ಮಾನಿಸುತ್ತದೆ. ಡಿ3 ಮತ್ತು ಡಿ4 ಹೈ ಇರಬೇಕು, ಡಿ8 ಲೋ ಇರಬೇಕು. ಡಿ3ಯನ್ನು ನೆಲಕ್ಕೆ (ಗ್ರೌಂಡ್‌ಗೆ, ಅಂದರೆ ಸೊನ್ನೆ ವೋಲ್ಟಿಗೆ) ಎಳೆಯುವ ಯಾವುದನ್ನಾದರೂ ಜೋಡಿಸಿದರೆ ಬೋರ್ಡು ಪ್ರೋಗ್ರಾಂ ಓಡಿಸದೆ ಹೊಸ ಪ್ರೋಗ್ರಾಂಗಾಗಿ ಕಾಯುತ್ತಾ ಕೂರುತ್ತದೆ. ಮೇಜಿನ ಮೇಲೆ ಚೆನ್ನಾಗಿ ಓಡಿ, ಕರೆಂಟು ಹೋಗಿ ಬಂದ ಮೇಲೆ ಏಳದಿರುವ ಬೋರ್ಡುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಸೀರಿಯಲ್ ಮಾನಿಟರ್‌ನ ವೇಗವನ್ನು 74880ಕ್ಕೆ ಇಟ್ಟರೆ ಎದ್ದೇಳುವಾಗಿನ ಸಂದೇಶ ಓದಬಹುದು. ಬೂಟ್ ಮೋಡ್‌ನ ಮೊದಲ ಅಂಕಿ 3 ಇದ್ದರೆ ಸರಿ, 1 ಇದ್ದರೆ ಡಿ3 ಲೋ ಆಗಿದೆ ಎಂದರ್ಥ. ಡಿ1 ಮತ್ತು ಡಿ2 ಎಲ್ಲಕ್ಕಿಂತ ಸುರಕ್ಷಿತ, ಬೋರ್ಡು ಏಳುವಾಗ ಅವು ಅಲುಗಾಡುವುದಿಲ್ಲ. ಡಿಸ್‌ಪ್ಲೇ ಜೋಡಿಸುವ ಹೆಚ್ಚಿನ ಪಾಠಗಳು ಇವೆರಡನ್ನೂ ಡಿಸ್‌ಪ್ಲೇಗೇ ಕೊಟ್ಟುಬಿಡುತ್ತವೆ. ಡಿಸ್‌ಪ್ಲೇ ಬಳಸುವ ಐ2ಸಿ ಎಂಬ ಎರಡು ತಂತಿಯ ಸಂಪರ್ಕ ಈ ಚಿಪ್ಪಿನಲ್ಲಿ ಸಾಫ್ಟ್‌ವೇರಿನಲ್ಲೇ ನಡೆಯುವುದರಿಂದ ಡಿಸ್‌ಪ್ಲೇಯನ್ನು ಡಿ5, ಡಿ6ಕ್ಕೆ ಸರಿಸಿ, ಡಿ1ನ್ನು ರಿಲೇಗೆ ಉಳಿಸಿಕೊಳ್ಳಬಹುದು. ಕೆಳಗಿನ ಬೋರ್ಡಿನಲ್ಲಿ ಹಾಗೆಯೇ ಮಾಡಿದ್ದು. ಡಿ2ಕ್ಕೆ ಟ್ರಾನ್ಸಿಸ್ಟರ್ ಮೂಲಕ ಬಜರ್, ಡಿ7ಕ್ಕೆ ಸಂಪಿನ ಫ್ಲೋಟ್ ಸ್ವಿಚ್.

ಮೇಲಿನ ಬೋರ್ಡಿನಲ್ಲಿ ಸೆನ್ಸರಿನ ಟ್ರಿಗರ್ (ಶಬ್ದ ಹೊರಡಿಸಲು ಹೇಳುವ ತಂತಿ) ಡಿ1ಕ್ಕೆ, ಎಕೋ (ಪ್ರತಿಧ್ವನಿ ಬಂದದ್ದನ್ನು ತಿಳಿಸುವ ತಂತಿ) ಡಿ2ಕ್ಕೆ. ಎಕೋದಿಂದ ಬರುವುದು 5 ವೋಲ್ಟ್. ಚಿಪ್ಪಿನ ಪಿನ್‌ಗಳು 3.3 ವೋಲ್ಟಿನವು. ನೇರವಾಗಿ ಜೋಡಿಸಿದರೂ ಬೋರ್ಡು ಕೆಲಸ ಮಾಡುತ್ತಿರುವಂತೆ ಕಾಣುತ್ತದೆ. ಅದನ್ನು ನಂಬಬೇಡಿ. ಎಕೋ ತಂತಿಗೆ ಸಾಲಾಗಿ 1 ಕಿಲೋ ಓಮ್, ಪಿನ್ನಿನಿಂದ ನೆಲಕ್ಕೆ 1 ಕಿಲೋ ಓಮ್‌ನ ಎರಡು ಸಾಲಾಗಿ, ಅಂದರೆ 2 ಕಿಲೋ. ಆಗ ಪಿನ್ನಿಗೆ ತಲಪುವುದು 5ರ ಮೂರನೇ ಎರಡು ಭಾಗ, 3.33 ವೋಲ್ಟ್. ಟ್ರಿಗರ್‌ಗೆ ಈ ವಿಭಜನೆ ಬೇಕಿಲ್ಲ, 3.3 ವೋಲ್ಟನ್ನು ಅದು ಹೈ ಎಂದೇ ಸ್ವೀಕರಿಸುತ್ತದೆ. ಟ್ರಿಗರ್ ಮಿಡಿತವನ್ನು 10 ಮೈಕ್ರೋಸೆಕೆಂಡ್ ಎಂದು ಎಲ್ಲೆಡೆ ಬರೆದಿರುತ್ತಾರೆ. ಈ ಸೆನ್ಸರಿಗೆ 20 ಕೊಟ್ಟರೆ ಓದು ತಪ್ಪುವುದು ಕಡಿಮೆ.

ಶಬ್ದ ಹೋಗಿ ಬರುವ ಸಮಯವನ್ನು ಮೈಕ್ರೋಸೆಕೆಂಡಿನಲ್ಲಿ ಅಳೆದು 58ರಿಂದ ಭಾಗಿಸಿದರೆ ಸೆಂಟಿಮೀಟರ್ ಸಿಗುತ್ತದೆ. ಟ್ಯಾಂಕಿಗೆ ಒಯ್ಯುವ ಮೊದಲು ಗೋಡೆಯ ಎದುರು ಅಳತೆಪಟ್ಟಿ ಹಿಡಿದು 30, 60, 100, 150 ಸೆಂಟಿಮೀಟರ್‌ಗಳಲ್ಲಿ ಓದಿ ಬರೆದುಕೊಂಡೆ. ಪ್ರತಿ ಬಾರಿ ಏಳು ಓದುಗಳು, ನಡುವೆ 60 ಮಿಲಿಸೆಕೆಂಡ್ ಬಿಡುವು. ಬಿಡುವು ಕಡಿಮೆಯಾದರೆ ಹಿಂದಿನ ಶಬ್ದದ ಪ್ರತಿಧ್ವನಿಯೇ ಹೊಸ ಓದಿನೊಳಗೆ ನುಗ್ಗುತ್ತದೆ. ಏಳನ್ನೂ ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಬೇಕು. ಸರಾಸರಿ ತೆಗೆಯಬಾರದು. ಆರು ಓದು 80 ಇದ್ದು ಒಂದು 400 ಬಂದರೆ ಸರಾಸರಿ ಸುಮಾರು 126ಕ್ಕೆ ಹಾರುತ್ತದೆ, ನಡುವಿನದು 80ರಲ್ಲೇ ನಿಲ್ಲುತ್ತದೆ. ಈ ಸಮಯ ಅಳೆಯುವ ಪಲ್ಸ್‌ಇನ್ ಫಂಕ್ಷನ್‌ಗೆ 30000 ಮೈಕ್ರೋಸೆಕೆಂಡ್ ಮಿತಿ ಹಾಕಿ. ಹಾಕದಿದ್ದರೆ ಪ್ರತಿಧ್ವನಿ ಬಾರದಾಗ ಪ್ರತಿ ಓದಿಗೂ ಒಂದು ಸೆಕೆಂಡ್ ಕಾಯುತ್ತದೆ. ಮಿತಿ ಮೀರಿದಾಗ ಅದು ಕೊಡುವುದು ಸೊನ್ನೆ. ಆ ಸೊನ್ನೆಯನ್ನು ದೂರ ಎಂದು ಲೆಕ್ಕಕ್ಕೆ ತೆಗೆದುಕೊಂಡರೆ ತಂತಿ ಕಿತ್ತ ಸೆನ್ಸರೂ ‘ಟ್ಯಾಂಕು ತುಂಬಿದೆ’ ಎನ್ನುತ್ತದೆ. ಸೊನ್ನೆ ಬಂದರೆ ಓದು ಸಿಗಲಿಲ್ಲ ಎಂದೇ ಗುರುತಿಸಿ ಕಳಿಸಬೇಕು.

ಈಗ ಈ ಕೆಲಸದ ಅತಿ ಕಷ್ಟದ ಭಾಗ. ಜೆಎಸ್‌ಎನ್ ಸೆನ್ಸರಿಗೆ ಸುಮಾರು 20ರಿಂದ 25 ಸೆಂಟಿಮೀಟರ್ ಕುರುಡು ವಲಯವಿದೆ. ಶಬ್ದ ಹೊರಡಿಸಿದ ಅದೇ ಬಿಲ್ಲೆ ಪ್ರತಿಧ್ವನಿಯನ್ನೂ ಕೇಳಬೇಕು. ಹೊರಡಿಸಿದ ಕಂಪನ ನಿಲ್ಲುವ ಮೊದಲೇ ಪ್ರತಿಧ್ವನಿ ಬಂದರೆ ಅದಕ್ಕೆ ಗೊತ್ತಾಗುವುದಿಲ್ಲ. ಟ್ಯಾಂಕಿನ ಮುಚ್ಚಳಕ್ಕೆ ನೇರವಾಗಿ ತೂತು ಕೊರೆದು ಸೆನ್ಸರ್ ಕೂರಿಸಿದರೆ ತುಂಬಿದ ನೀರು ಅದರಿಂದ 12-15 ಸೆಂಟಿಮೀಟರ್ ದೂರಕ್ಕೆ ಬಂದುಬಿಡುತ್ತದೆ. ಆಗ ಏನಾಗುತ್ತದೆ ನೋಡಿ: ಮೊದಲ ಪ್ರತಿಧ್ವನಿ ತಪ್ಪಿಹೋಗಿ, ನೀರಿಗೂ ಮುಚ್ಚಳಕ್ಕೂ ಎರಡು ಸಲ ಬಡಿದು ಬಂದದ್ದು ಸಿಗುತ್ತದೆ. 14 ಸೆಂಟಿಮೀಟರ್ ಇರುವಲ್ಲಿ 28 ಎಂದು ತೋರಿಸುತ್ತದೆ. ಟ್ಯಾಂಕು ಉಕ್ಕುವ ಹೊತ್ತಿಗೆ ಸರಿಯಾಗಿ, ಇನ್ನೂ ಜಾಗವಿದೆ ಎಂದು ಸಾಧನ ಹೇಳುತ್ತದೆ. ಮೋಟರ್ ನಿಲ್ಲುವುದಿಲ್ಲ. ಅರ್ಧ ಟ್ಯಾಂಕಿನಲ್ಲಿ ಪರೀಕ್ಷಿಸಿ ತೃಪ್ತರಾದವರಿಗೆ ಈ ದೋಷ ಕಾಣುವುದೇ ಇಲ್ಲ. ಆದ್ದರಿಂದ ತುಂಬಿದ ಟ್ಯಾಂಕಿನಲ್ಲಿ ಪರೀಕ್ಷಿಸಲೇಬೇಕು.

ಪರಿಹಾರ ಎರಡು. ಮುಚ್ಚಳದ ಮೇಲೆ 110 ಮಿಲಿಮೀಟರ್ ಪಿವಿಸಿ ಪೈಪಿನ ತುಂಡು ನಿಲ್ಲಿಸಿ, ಅದರ ತುದಿಯ ಎಂಡ್ ಕ್ಯಾಪಿನಲ್ಲಿ ಸೆನ್ಸರ್ ಕೂರಿಸುವುದು. ತುಂಬಿದ ನೀರಿನಿಂದ ಸೆನ್ಸರಿಗೆ 30 ಸೆಂಟಿಮೀಟರ್ ಆಗುವಷ್ಟು ಎತ್ತರ ಬೇಕು. ಪೈಪಿನ ಕೆಳ ಅಂಚು ಮುಚ್ಚಳದ ಕೆಳಭಾಗಕ್ಕೆ ಸಮವಾಗಿರಲಿ, ಕತ್ತರಿಸಿದ ಅಂಚನ್ನು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ. ಅಂಚು ಒಳಗೆ ಚಾಚಿಕೊಂಡಿದ್ದರೆ ಶಬ್ದ ಅಲ್ಲಿಂದಲೇ ಮರಳಿ, ನೀರು ಎಲ್ಲೇ ಇದ್ದರೂ ಒಂದೇ ಅಂಕಿ ತೋರಿಸುತ್ತದೆ. ಇನ್ನೊಂದು ದಾರಿ, ಸೆನ್ಸರನ್ನೇ ಬದಲಿಸುವುದು. ಎ02ವೈವೈಯುಡಬ್ಲ್ಯು ಎಂಬುದರ ಕುರುಡು ವಲಯ 3 ಸೆಂಟಿಮೀಟರ್ ಮಾತ್ರ. 3.3 ವೋಲ್ಟಿನಲ್ಲೂ ನಡೆಯುತ್ತದೆ, 9600 ವೇಗದ ಸೀರಿಯಲ್‌ನಲ್ಲಿ ನೇರವಾಗಿ ಮಿಲಿಮೀಟರ್ ಕಳಿಸುತ್ತದೆ, ಎಕೋಗೆ ರೆಸಿಸ್ಟರ್ ಕೂಡ ಬೇಡ. ಬೆಲೆ ಹೆಚ್ಚು. ಹೊಸದಾಗಿ ಕಟ್ಟುವವರು ಅದನ್ನೇ ಕೊಳ್ಳಿ ಎಂಬುದು ನನ್ನ ಸಲಹೆ. ಪೈಪು ಕೊರೆದು ಅಂಟಿಸುವ ಒಂದು ದಿನದ ಕೆಲಸ ಉಳಿಯುತ್ತದೆ.

ಯಾವ ಸೆನ್ಸರ್ ಆದರೂ ನೀರು ಬೀಳುವ ಇನ್‌ಲೆಟ್ ಪೈಪಿನಿಂದ ಆದಷ್ಟು ದೂರವಿರಲಿ. ಜೆಎಸ್‌ಎನ್‌ನ ಕೇಬಲ್ 2.5 ಮೀಟರ್ ಇರುತ್ತದೆ. ಅದನ್ನು ಬೆಸೆದು ಉದ್ದ ಮಾಡಬೇಡಿ, ಅದರೊಳಗೆ ಹರಿಯುವುದು ಬಿಲ್ಲೆಯ ಬಲು ಕ್ಷೀಣ ಸಿಗ್ನಲ್. ಬೋರ್ಡನ್ನೇ ಹತ್ತಿರ ತನ್ನಿ. ಬಿಸಿಲಿನ ಪರಿಣಾಮದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ: ಟ್ಯಾಂಕಿನೊಳಗಿನ ಗಾಳಿ 20 ಡಿಗ್ರಿಯಿಂದ 45ಕ್ಕೆ ಏರಿದರೆ ಶಬ್ದದ ವೇಗ ಸೆಕೆಂಡಿಗೆ 343ರಿಂದ ಸುಮಾರು 359 ಮೀಟರಿಗೆ ಹೋಗುತ್ತದೆ. 100 ಸೆಂಟಿಮೀಟರಿಗೆ ನಾಲ್ಕೂವರೆ ಸೆಂಟಿಮೀಟರ್ ವ್ಯತ್ಯಾಸ. ಟ್ಯಾಂಕು ತುಂಬಿದಾಗ ದೂರವೇ ಕಡಿಮೆ, ಆಗ ತಪ್ಪು ಒಂದೂವರೆ ಸೆಂಟಿಮೀಟರ್ ಕೂಡ ಮೀರುವುದಿಲ್ಲ.

ಕರೆಂಟಿನ ಲೆಕ್ಕಕ್ಕೆ ಬರೋಣ. ತಾರಸಿಯಲ್ಲಿ ಪ್ಲಗ್ ಇಲ್ಲ, ಕೆಳಗಿನಿಂದ 15 ಮೀಟರ್ ನೆಟ್‌ವರ್ಕ್ ಕೇಬಲ್ ಎಳೆದದ್ದು. ಮೊದಲು ಅದರ ಒಂದು ಜೋಡಿ ತಂತಿಯಲ್ಲಿ 5 ವೋಲ್ಟನ್ನೇ ಕಳಿಸಿ ನೋಡಿದೆ. ಬೋರ್ಡಿನ ಎಲ್‌ಇಡಿ ಹತ್ತಿತು, ಆದರೆ ವೈಫೈ ಶುರುವಾದ ಕೂಡಲೇ ರೀಸೆಟ್, ಮತ್ತೆ ರೀಸೆಟ್. ಸೀರಿಯಲ್‌ನಲ್ಲಿ ರೀಸೆಟ್ ಕಾರಣ ಸಂಖ್ಯೆ 1, ಅಂದರೆ ವಿದ್ಯುತ್ ಹೋಗಿ ಬಂದಿದೆ. ಲೆಕ್ಕ ಸರಳ. ಈ ಕೇಬಲ್‌ನ ಒಂದು ಎಳೆಗೆ ಮೀಟರಿಗೆ 0.084 ಓಮ್. ಹೋಗುವುದು, ಬರುವುದು ಸೇರಿ 30 ಮೀಟರ್, ಎರಡೂವರೆ ಓಮ್. ವೈಫೈ ಸಿಗ್ನಲ್ ಕಳಿಸುವ ಕ್ಷಣದಲ್ಲಿ ಬೋರ್ಡು ಎಳೆಯುವುದು 300 ಮಿಲಿಆಂಪಿಯರ್ ಎಂದು ಹಿಡಿದರೆ ದಾರಿಯಲ್ಲೇ ಮುಕ್ಕಾಲು ವೋಲ್ಟ್ ಕರಗಿತು. ತಲಪಿದ್ದು 4.25. ಎಎಂಎಸ್1117ಗೆ ಅದು ಸಾಲದು. ಡಿ1 ಮಿನಿಯ ರೆಗ್ಯುಲೇಟರ್ ಕಡಿಮೆ ವೋಲ್ಟೇಜಿನಲ್ಲೂ ತಾಳಿಕೊಳ್ಳುತ್ತದೆ, ಆದರೆ ಸೆನ್ಸರಿಗೆ 5 ವೋಲ್ಟ್ ಬೇಕು. ಕೆಳಗಿನಿಂದ 12 ವೋಲ್ಟ್ ಕಳಿಸಿ ಮೇಲೆ ಬಕ್ ಕನ್ವರ್ಟರಿನಿಂದ 5ಕ್ಕೆ ಇಳಿಸಿದ ಮೇಲೆ ತೊಂದರೆ ಪೂರ್ತಿ ನಿಂತಿತು. ಅಷ್ಟೇ ಶಕ್ತಿಗೆ 12 ವೋಲ್ಟಿನಲ್ಲಿ ಹರಿಯುವುದು ಸುಮಾರು 150 ಮಿಲಿಆಂಪಿಯರ್, ನಷ್ಟ 0.4 ವೋಲ್ಟ್, ಅದು 12ರಲ್ಲಿ ಲೆಕ್ಕಕ್ಕಿಲ್ಲ. ಬಕ್ ಕನ್ವರ್ಟರನ್ನು ಬೋರ್ಡಿಗೆ ಜೋಡಿಸುವ ಮೊದಲು ಮಲ್ಟಿಮೀಟರ್ ಹಿಡಿದು ಸ್ಕ್ರೂ ತಿರುಗಿಸಿ 5.0ಕ್ಕೆ ನಿಲ್ಲಿಸಿ. ಕೆಲವು 12 ವೋಲ್ಟಿನಲ್ಲೇ ಬಂದಿರುತ್ತವೆ. ಬೋರ್ಡಿನ 5 ವೋಲ್ಟ್ ಪಿನ್ನಿನ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಮತ್ತು 104 ಕೆಪಾಸಿಟರ್ ಬೆಸೆಯಿರಿ. ಬೋರ್ಡು ತಾನಾಗಿ ರೀಸೆಟ್ ಆಗುತ್ತಿದ್ದರೆ ಕೋಡ್ ತೆರೆಯುವ ಮೊದಲು ಮಲ್ಟಿಮೀಟರ್ ತೆಗೆಯಿರಿ.

ಎರಡು ಬೋರ್ಡುಗಳ ನಡುವೆ ಮಾತು ಇಎಸ್‌ಪಿ-ನೌ ಮೂಲಕ. ಎಸ್‌ಪ್ರೆಸಿಫ್‌ನದೇ ವಿಧಾನ ಇದು. ರೌಟರ್ ಬೇಡ, ಪಾಸ್‌ವರ್ಡ್ ಬೇಡ, ಒಮ್ಮೆಗೆ 250 ಬೈಟ್‌ವರೆಗೆ ಕಳಿಸಬಹುದು. ಇಲ್ಲಿ ಬೇಕಾದದ್ದು ಎಂಟೇ ಬೈಟ್: ನಮ್ಮದೇ ಎಂದು ಗುರುತಿಸುವ ಒಂದು ಸಂಖ್ಯೆ, ಮಿಲಿಮೀಟರಿನಲ್ಲಿ ದೂರ, ಓದು ಸರಿಯಿದೆಯೇ ಎಂಬ ಗುರುತು, ಪ್ರತಿ ಸಲ ಒಂದೊಂದು ಏರುವ ಎಣಿಕೆ. ಹತ್ತು ಸೆಕೆಂಡಿಗೊಮ್ಮೆ ಕಳಿಸುತ್ತದೆ. ಕೆಳಗಿನ ಬೋರ್ಡನ್ನು ಮನೆಯ ರೌಟರಿಗೂ ಸೇರಿಸಿ ಫೋನಿನಲ್ಲಿ ಮಟ್ಟ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಅಲ್ಲೊಂದು ತೊಡಕಿದೆ. ಇಎಸ್‌ಪಿ-ನೌನಲ್ಲಿ ಇಬ್ಬರೂ ಒಂದೇ ಚಾನೆಲ್‌ನಲ್ಲಿರಬೇಕು. ರೌಟರಿಗೆ ಸೇರಿದ ಬೋರ್ಡು ರೌಟರಿನ ಚಾನೆಲ್‌ಗೆ ಹೋಗುತ್ತದೆ. ಕರೆಂಟು ಹೋಗಿ ಬಂದಾಗ ರೌಟರ್ ತಾನಾಗಿ ಬೇರೆ ಚಾನೆಲ್ ಹಿಡಿದರೆ ತಾರಸಿಯ ಬೋರ್ಡು ಹಳೆಯದರಲ್ಲೇ ಕೂಗುತ್ತಿರುತ್ತದೆ. ರೌಟರಿನಲ್ಲಿ ಚಾನೆಲನ್ನು 1, 6 ಅಥವಾ 11ಕ್ಕೆ ಕಟ್ಟಿಹಾಕಿದರೆ ಸರಿಹೋಗುತ್ತದೆ. ನಾನು ರೌಟರನ್ನೇ ಬಿಟ್ಟೆ. ಮೋಟರ್ ನಿಲ್ಲಿಸುವ ಕೆಲಸ ಇಂಟರ್ನೆಟ್ಟಿನ ಮೇಲೆ ನಿಲ್ಲಬಾರದು.

ಇಎಸ್‌ಪಿ32 ಬಳಸುವವರಿಗೆ ಎರಡು ಮಾತು. ಅದರ ಆರ್ಡುಯಿನೋ ಪ್ಯಾಕೇಜಿನ 3.0 ಆವೃತ್ತಿಯಿಂದ ಇಎಸ್‌ಪಿ-ನೌ ಸಂದೇಶ ಪಡೆಯುವ ಫಂಕ್ಷನ್‌ನ ರೂಪ ಬದಲಾಗಿದೆ, ಹಳೆಯ ಕೋಡ್ ಕಂಪೈಲ್ ಆಗುವುದಿಲ್ಲ. ವೈಫೈ ನಡೆಯುವಾಗ ಎಡಿಸಿ2 ಗುಂಪಿನ ಪಿನ್‌ಗಳಲ್ಲಿ ಅನಲಾಗ್ ಓದಲಾಗದು.

ನೀರು 2.4 ಗಿಗಾಹರ್ಟ್ಸ್ ಅಲೆಯನ್ನು ಚೆನ್ನಾಗಿ ಹೀರುತ್ತದೆ. ಬೋರ್ಡಿನ ಡಬ್ಬಿಯನ್ನು ಟ್ಯಾಂಕಿನ ಹಿಂದೆ ಕಟ್ಟಿದರೆ ಟ್ಯಾಂಕು ತುಂಬಿದಾಗ ಸಿಗ್ನಲ್ ಬಿಡುತ್ತದೆ, ಖಾಲಿಯಾದಾಗ ಬರುತ್ತದೆ. ಮೆಟ್ಟಿಲ ಕೋಣೆಯ ಕಡೆಗೆ ಮುಖ ಮಾಡಿ, ನೆರಳಿನಲ್ಲಿ ಕಟ್ಟಿ. ಲೋಹದ ಡಬ್ಬಿ ಬೇಡ. ಕೇಬಲ್‌ಗಳು ಡಬ್ಬಿಯ ಕೆಳಗಿನಿಂದ ಒಳಹೋಗಲಿ, ಹೋಗುವ ಮೊದಲು ಒಂದು ಬಾಗು ಇರಲಿ, ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಗ್ಲ್ಯಾಂಡ್ ಬಿಗಿಯಾಗಿಲ್ಲದಿದ್ದರೆ ಇರುವೆ, ಹಲ್ಲಿ ಮರಿ ಒಳಸೇರುತ್ತವೆ. ಬ್ರೆಡ್‌ಬೋರ್ಡನ್ನು ತಾರಸಿಗೆ ಒಯ್ಯಲೇಬೇಡಿ. ಎಲ್ಲವನ್ನೂ ಚುಕ್ಕಿ ಬೋರ್ಡಿನ ಮೇಲೆ ಬೆಸೆಯಬೇಕು.

ಮೋಟರ್ ಕಡೆ. ನೀಲಿ ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿರುವುದು ಬಲ್ಬು, ಹೀಟರಿನಂಥ ಹೊರೆಗೆ. ಒಂದು ಎಚ್‌ಪಿ ಮೋಟರು ಓಡುವಾಗ 5-6 ಆಂಪಿಯರ್ ಎಳೆದರೂ ಶುರುವಾಗುವಾಗ ಅದರ ಹಲವು ಪಟ್ಟು ಎಳೆಯುತ್ತದೆ. ರಿಲೇಯ ಕಾಂಟ್ಯಾಕ್ಟ್ ಬೆಸುಗೆಯಾಗಿ ಅಂಟಿಕೊಂಡರೆ ಕೋಡ್ ಎಷ್ಟು ಸಲ ಆಫ್ ಎಂದರೂ ಮೋಟರ್ ನಿಲ್ಲದು. ರಿಲೇಯಿಂದ ಕಾಂಟ್ಯಾಕ್ಟರಿನ (ಮೋಟರಿನ ಕರೆಂಟನ್ನು ತಾಳುವ ದೊಡ್ಡ ರಿಲೇ) 230 ವೋಲ್ಟ್ ಕಾಯಿಲನ್ನು ಮಾತ್ರ ಓಡಿಸಿ, ಮೋಟರನ್ನು ಕಾಂಟ್ಯಾಕ್ಟರ್ ಓಡಿಸಲಿ. ಕಾಯಿಲ್ ಬಿಡುವಾಗ ಏಳುವ ಕಿಡಿಗೆ ಡಿಸ್‌ಪ್ಲೇ ಗೊಜ್ಜಾಗುವುದು, ಬೋರ್ಡು ರೀಸೆಟ್ ಆಗುವುದು ಸಾಮಾನ್ಯ. ಕಾಯಿಲ್‌ಗೆ ಅಡ್ಡಲಾಗಿ 100 ಓಮ್ ಮತ್ತು ಎಕ್ಸ್2 ದರ್ಜೆಯ 0.1 ಮೈಕ್ರೋಫ್ಯಾರಡ್ ಸಾಲಾಗಿ ಹಾಕಿದರೆ ನಿಲ್ಲುತ್ತದೆ. ಈ ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿದ್ದು, ಎಂಸಿಬಿ, ಅರ್ತಿಂಗ್ ಸಹಿತ. ಆಟೋ, ಆಫ್, ಮ್ಯಾನ್ಯುವಲ್ ಎಂಬ ಮೂರು ಸ್ಥಾನದ ತಿರುಗು ಸ್ವಿಚ್ಚನ್ನೂ ಹಾಕಿಸಿ. ಸಾಧನ ಕೆಟ್ಟ ದಿನವೂ ಮನೆಯವರು ಯಾರನ್ನೂ ಕೇಳದೆ ನೀರು ಏರಿಸಿಕೊಳ್ಳುವಂತಿರಬೇಕು.

ಸಂಪಿನ ಫ್ಲೋಟ್ ಸ್ವಿಚ್ಚನ್ನು 230 ವೋಲ್ಟಿನಲ್ಲಿ ಇಳಿಬಿಡದೆ 3.3 ವೋಲ್ಟಿನಲ್ಲಿ ಡಿ7ಕ್ಕೆ ತಂದದ್ದು. 4.7 ಕಿಲೋ ಓಮ್‌ನಿಂದ ಮೇಲಕ್ಕೆ ಎಳೆದು, ಪಿನ್ನಿನಿಂದ ನೆಲಕ್ಕೆ 104 ಕೆಪಾಸಿಟರ್. ನೀರಿದ್ದಾಗ ಸ್ವಿಚ್ ಮುಚ್ಚಿ ಪಿನ್ ಲೋ ಆಗುವ ಜೋಡಣೆ ಇರಲಿ. ಆಗ ತಂತಿ ತುಂಡಾದರೂ ‘ನೀರಿಲ್ಲ’ ಎಂದೇ ಓದುತ್ತದೆ.

ಕೋಡಿನ ನಿಯಮಗಳು ಕೆಲವೇ. ಮಟ್ಟ ನೂರಕ್ಕೆ 30ಕ್ಕೆ ಇಳಿದರೆ ಶುರು, 95ಕ್ಕೆ ನಿಲುಗಡೆ. 60 ಸೆಕೆಂಡ್ ಸರಿಯಾದ ಸಂದೇಶ ಬಾರದಿದ್ದರೆ ನಿಲುಗಡೆ, ಬಜರ್. ಸಂಪಿನಲ್ಲಿ ನೀರಿಲ್ಲದಿದ್ದರೆ ನಿಲುಗಡೆ. ಟ್ಯಾಂಕು ತುಂಬಲು 25 ನಿಮಿಷ ಬೇಕಾದಲ್ಲಿ 40 ನಿಮಿಷ ಮೀರಿದರೆ ನಿಲುಗಡೆ. ಕೊನೆಯದು ನನಗೆ ಅತ್ಯಂತ ಉಪಯೋಗವೆನಿಸಿದ್ದು: ಟ್ಯಾಂಕಿನ ವ್ಯಾಸ 1 ಮೀಟರ್ ಇದ್ದರೆ ಒಂದು ಸೆಂಟಿಮೀಟರ್ ಎತ್ತರಕ್ಕೆ 7.85 ಲೀಟರ್. ನಿಮಿಷಕ್ಕೆ 40 ಲೀಟರ್ ಎತ್ತುವ ಮೋಟರು ಮಟ್ಟವನ್ನು ನಿಮಿಷಕ್ಕೆ 5 ಸೆಂಟಿಮೀಟರ್ ಏರಿಸುತ್ತದೆ. ಮೋಟರ್ ಹತ್ತಿ ಮೂರು ನಿಮಿಷವಾದರೂ 2 ಸೆಂಟಿಮೀಟರ್ ಏರದಿದ್ದರೆ ನಿಲುಗಡೆ. ಗಾಳಿ ಹಿಡಿದ ಪಂಪು, ಮುಚ್ಚಿದ ವಾಲ್ವು, ಕಿತ್ತ ಪೈಪು, ಫ್ಲೋಟ್ ಸಿಕ್ಕಿಕೊಂಡು ಆಗುವ ಡ್ರೈ ರನ್, ಎಲ್ಲವನ್ನೂ ಈ ಒಂದೇ ನಿಯಮ ಹಿಡಿಯುತ್ತದೆ. ಈ ಅಂಕಿಗಳೆಲ್ಲ ಕೆಳಗಿನ ಬೋರ್ಡಿನಲ್ಲೇ ಇರಲಿ. ಮೇಲಿನದು ಅಳೆದು ಕಳಿಸಲಿ ಸಾಕು. ಅಂಕಿ ಬದಲಿಸಲು ಪ್ರತಿ ಸಲ ಲ್ಯಾಪ್‌ಟಾಪ್ ಹಿಡಿದು ತಾರಸಿ ಹತ್ತುವುದು ತಪ್ಪುತ್ತದೆ.

ಆಟೋಗೆ ಬಿಡುವ ಮೊದಲು ಮೋಟರ್ ಓಡುತ್ತಿರುವಾಗಲೇ ಒಂದೊಂದಾಗಿ ಕೆಡಿಸಿ ನೋಡಬೇಕು. ಮೇಲಿನ ಬೋರ್ಡಿನ 12 ವೋಲ್ಟ್ ತೆಗೆಯುವುದು, ಸೆನ್ಸರಿನ ಕನೆಕ್ಟರ್ ಕೀಳುವುದು, ಫ್ಲೋಟಿನ ತಂತಿ ಬಿಚ್ಚುವುದು, ಮೇನ್ ಆಫ್ ಮಾಡಿ ಹಾಕುವುದು, ಇನ್‌ಲೆಟ್ ವಾಲ್ವನ್ನು ಮೂರು ನಿಮಿಷ ಮುಚ್ಚುವುದು, ಕೊನೆಗೆ ಟ್ಯಾಂಕನ್ನು ಓವರ್‌ಫ್ಲೋ ಪೈಪಿನವರೆಗೆ ತುಂಬಿಸುವುದು. ಪ್ರತಿಯೊಂದರಲ್ಲೂ ಮೋಟರ್ ನಿಲ್ಲಬೇಕು, ಕರೆಂಟು ಮರಳಿದಾಗ ಮೊದಲ ಸರಿಯಾದ ಸಂದೇಶ ಬರುವವರೆಗೆ ಹತ್ತಬಾರದು. ಆರು ಪರೀಕ್ಷೆಗೆ ಒಂದು ಗಂಟೆ ಬೇಕು. ಬಳಕೆಯಲ್ಲಿ ಮತ್ತೆ ಮತ್ತೆ ಕಂಡ ತೊಂದರೆ ಒಂದೇ: ಚಳಿಗಾಲದ ಬೆಳಗ್ಗೆ ಸೆನ್ಸರಿನ ಮುಖದ ಮೇಲೆ ನೀರಹನಿ ನಿಂತು ಓದು ತಪ್ಪುವುದು. ಎಂಡ್ ಕ್ಯಾಪಿನ ಪಕ್ಕ 3 ಮಿಲಿಮೀಟರಿನ ಎರಡು ಗಾಳಿತೂತು ಕೊರೆದು, ಸೊಳ್ಳೆ ನುಗ್ಗದಂತೆ ಅವಕ್ಕೆ ಜಾಲರಿ ಅಂಟಿಸಿದ ಮೇಲೆ ಅದು ತುಂಬಾ ಕಡಿಮೆಯಾಯಿತು. ಟ್ಯಾಂಕು ತೊಳೆಸುವಾಗಲೆಲ್ಲ ಸೆನ್ಸರಿನ ಮುಖವನ್ನು ಒಣಬಟ್ಟೆಯಿಂದ ಒರೆಸಿಬಿಡಿ.